ಎಡಕ್ಕೆ

ಕರಾರಿನಲ್ಲಿ ಮೂರೇ ಷರತ್ತು:
ಅವನು ಸಾಯಬಾರದು,
ಮದುವೆಯಾಗಬಾರದು,
ಯಾರೆದುರೂ ಹೆಲ್ಮೆಟ್ಟು ತೆಗೆಯಬಾರದು.
ಉಳಿದದ್ದೆಲ್ಲ ನಿಮಗೆ ಬಿಟ್ಟದ್ದು ಅಂದರು.
ಉಳಿಯುವುದೇನು ಅಂತ ನಾನು ಕೇಳಲಿಲ್ಲ,
ಮುಂಗಡದ ಚೆಕ್ಕು ಆಗಲೇ ಜೇಬಿನಲ್ಲಿತ್ತು.

ಹೀಗೆ ಕ್ಯಾಪ್ಟನ್ ಕೆಲ್ವಾರ್ ಶಿಡ್ಲಘಟ್ಟಕ್ಕೆ ಬಂದ,
ನೂಲು ಬಿಚ್ಚುವ ಶೆಡ್ಡಿನ ಮೇಲೆ ನನ್ನ ಬಾಡಿಗೆ ಕೋಣೆಗೆ.
ಹನ್ನೊಂದು ಗ್ರಹ ಗೆದ್ದವನು,
ಆಟ ಮುಗಿದ ಮೇಲೆ ಕೆಲಸವಿಲ್ಲದವನು.
ಕಿಟಕಿಯಲ್ಲಿ ಬೇಯುವ ಗೂಡಿನ ವಾಸನೆ.
ಅದು ಅವನಿಗೆ ತಾಗುತ್ತದೋ ಇಲ್ಲವೋ
ಆಟ ಮಾಡಿದವರು ಎಲ್ಲೂ ಬರೆದಿಟ್ಟಿಲ್ಲ.

ಮೊದಲು ಅವನನ್ನು ಕಂಡದ್ದು
ಬಸ್ ಸ್ಟ್ಯಾಂಡಿನ ಹಿಂದೆ, ಪುಟ್ಟಾಚಾರಿಯ ವಿಡಿಯೋ ಪಾರ್ಲರಿನಲ್ಲಿ.
ಎರಡು ರೂಪಾಯಿಗೆ ಮೂರು ಪ್ರಾಣ.
ಐದರ ನೋಟು ಕೊಟ್ಟರೆ ಪುಟ್ಟಾಚಾರಿ
ಚಿಲ್ಲರೆ ಇಲ್ಲ ಕಣೋ ಅಂತ ಪ್ರಾಣ ಕೊಡುತ್ತಿದ್ದ.
ಕೆಲ್ವಾರ್ ಬಲಕ್ಕೆ ಮಾತ್ರ ಓಡುತ್ತಿದ್ದ.
ಎಡಗಡೆಯಿಂದ ತೆರೆ ಮುಚ್ಚಿಕೊಂಡು ಬರುತ್ತಿತ್ತು:
ದಾಟಿದ ಸೇತುವೆ, ತಪ್ಪಿಹೋದ ನಾಣ್ಯ,
ಬೀಳಿಸಿದವರು, ಎಲ್ಲ ಗೋಡೆ.
ಹಿಂದಕ್ಕೆ ಒತ್ತಿ ಹಿಡಿದರೆ
ನಿಂತಲ್ಲೇ ಕಾಲಾಡಿಸುತ್ತಿದ್ದ,
ನಿದ್ದೆಯಲ್ಲಿ ಓಡುವ ನಾಯಿಯ ಹಾಗೆ.

ನಾನೂ ಮೂರು ಕಾದಂಬರಿ ಬಲಕ್ಕೇ ಓಡಿಸಿದೆ.
ಹೊಸ ಗ್ರಹ, ಹೊಸ ಬಂದೂಕು,
ನೂರ ಎಪ್ಪತ್ತನೇ ಪುಟಕ್ಕೆ ಸರಿಯಾಗಿ ಸ್ಫೋಟ.
ನಾಲ್ಕನೆಯದು ಅರವತ್ತೊಂದಕ್ಕೆ ಬಂದು
ಕತ್ತೆಯಂತೆ ನಿಂತಿತು.

ಕೆಳಗಿಳಿದು ಬೀಡಿ ಹಚ್ಚಿದೆ.
ಖೈರುನ್‌ಬಿ ತೊಟ್ಟಿಯ ಮುಂದೆ ಕೂತಿದ್ದಳು.
ನಲವತ್ತು ವರ್ಷ ಬಿಸಿನೀರಿಗೆ ಬೆರಳದ್ದಿ
ಬೆರಳಿನ ಗೆರೆಗಳೇ ಅಳಿಸಿಹೋದವಳು;
ರೇಷನ್ ಅಂಗಡಿಯ ಯಂತ್ರಕ್ಕೆ
ಅವಳು ಯಾರೆಂದು ಗೊತ್ತಾಗುವುದಿಲ್ಲ.
‘ಏನ್ ತಿಂತಾನೆ ಸಾರ್ ನಿಮ್ಮೋನು?’
‘ಹೃದಯ,’ ಅಂದೆ.
ದಾರಿಯುದ್ದಕ್ಕೂ ಗಾಳಿಯಲ್ಲಿ ತೇಲುತ್ತಿರುತ್ತವೆ, ಕೆಂಪಗೆ.
ಹಾರಿ ಹಿಡಿದರೆ ಒಂದು ಪ್ರಾಣ ಹೆಚ್ಚು.
ಅವಳು ನಗಲಿಲ್ಲ.
‘ಅದು ಯಾರ್ದು ಅಂತ ಒಂದ್ಸಲಾನೂ ಕೇಳಲ್ವಾ?’

ಅಷ್ಟರಲ್ಲಿ ಎಳೆ ಕಡಿಯಿತು.
ನನ್ನ ಮುಖ ನೋಡುತ್ತಲೇ
ಇನ್ನೊಂದು ಗೂಡಿನ ಎಳೆ ಹುಡುಕಿ
ಓಡುವ ಎಳೆಗಳ ನಡುವೆ ಎಸೆದಳು.
ಗಂಟಿಲ್ಲ, ಏನಿಲ್ಲ. ಅದೇ ಹೋಗಿ ಹಿಡಿದುಕೊಂಡಿತು.
ಒಂದು ಸತ್ತ ಹುಳು ಬಿಟ್ಟಲ್ಲಿಂದ
ಇನ್ನೊಂದು ಸತ್ತ ಹುಳು ಮುಂದುವರಿಸಿತು.
ಪಕ್ಕದ ಬುಟ್ಟಿಯಲ್ಲಿ ತೂತಾದ ಗೂಡು ಬೇರೆ ಇಟ್ಟಿದ್ದಳು.
‘ಇವು ಕೆಟ್ಟೋದ್ವು ಸಾರ್,
ಒಳಗಿದ್ದದ್ದು ಹೊರಗ್ ಬಂದ್ಬಿಡ್ತು.’

ಮೆಟ್ಟಿಲು ಹತ್ತಿ ಅರವತ್ತೆರಡನೇ ಪುಟ ಶುರುಮಾಡಿದೆ.
ಕೆಲ್ವಾರ್ ನಿಂತ. ಎಡಕ್ಕೆ ತಿರುಗಿದ.

ಗೋಡೆ ಇರಲಿಲ್ಲ.
ಸೇತುವೆ ಇತ್ತು, ಹಲಗೆ ಬದಲಾಯಿಸಿದ್ದರು.
ತಪ್ಪಿಹೋದ ನಾಣ್ಯ ಅದೇ ಜಾಗದಲ್ಲಿ
ಇಷ್ಟು ವರ್ಷ ಸುತ್ತುತ್ತಲೇ ಇತ್ತು.
ಅವನ ಮಂಡಿ ನೋಯತೊಡಗಿತು;
ಹಿಂದಕ್ಕೆ ನಡೆದು ಅಭ್ಯಾಸವಿಲ್ಲದ ಮಂಡಿ.
ಹನ್ನೊಂದು, ಹತ್ತು, ಒಂಬತ್ತು... ಗ್ರಹಗಳು ಚಿಕ್ಕವಾದವು,
ಬಣ್ಣ ಕಡಿಮೆಯಾಗುತ್ತ ಬಂತು.
ಮೊದಲ ಹಂತದ ಮೊದಲ ಶತ್ರು,
ಹಸಿರು ಮೈ, ಮೂರು ಕಾಲು,
ಹನ್ನೆರಡರ ನಾನು ಲೆಕ್ಕವಿಲ್ಲದಷ್ಟು ಸಲ ತುಳಿದದ್ದು,
ಹೊಸ್ತಿಲ ಮೇಲೆ ಕೂತು ಏನನ್ನೋ ಕೇರುತ್ತಿತ್ತು.

ಅವನು ಸೊಂಟದ ಚೀಲ ಬಿಚ್ಚಿದ.
ಇನ್ನೂ ಬೆಚ್ಚಗಿದ್ದ ಆ ಕೆಂಪನ್ನು ಅಂಗೈಯಲ್ಲಿ ಹಿಡಿದು
ಕೇಳಿದ: ಇದು ನಿಮ್ಮದಾ?

ಪ್ರಕಾಶಕರ ಫೋನು.
ಷರತ್ತು ಮುರಿದಿಲ್ಲ ತಾನೇ?
ಇಲ್ಲ ಸ್ವಾಮಿ. ಸತ್ತಿಲ್ಲ, ಮದುವೆಯಾಗಿಲ್ಲ,
ಹೆಲ್ಮೆಟ್ಟು ತಲೆಮೇಲೇ ಇದೆ.
ಒಳಗೆ ಏನೋ ಒದ್ದೆಯಾಗಿದೆ, ಅದು ಹೊರಗೆ ಕಾಣುವುದಿಲ್ಲ.

ಕರೆಂಟು ಹೋಯಿತು. ಕೆಳಗೆ ರಾಟೆ ನಿಂತ ಸದ್ದು.
ಖೈರುನ್‌ಬಿ ಯಾರನ್ನೋ ಬಯ್ಯುತ್ತಿದ್ದಾಳೆ.
ಪುಟದಲ್ಲಿ ಕೆಲ್ವಾರ್ ಇನ್ನೂ ಕೈಚಾಚಿ ನಿಂತಿದ್ದಾನೆ.
ಅದು ಮೊರದಿಂದ ತಲೆ ಎತ್ತಿಲ್ಲ.